ನಾನು ಕೊಟ್ಟ ಎರಡನೇ ಪ್ರತಿ

ನನ್ನ ಅಕ್ಷರ ದುಂಡಗಿದೆ. ತನ್ನ ಬಗ್ಗೆ ತಾನೇ ಹೀಗೆ ಹೇಳಿಕೊಳ್ಳಬಾರದು. ಆದರೆ ಹೇಳಿಕೊಳ್ಳಬಾರದ ಸಂಗತಿಯನ್ನೇ ಬರೆಯಲು ಕೂತಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ ನಾನು ಮದುವೆಯಾಗಿ ಮುನಿರಾಬಾದಿನ ಡ್ಯಾಮ್ ಕಾಲೊನಿಗೆ ಬಂದೆ. ಗಂಡ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಹೊಸ ಜಿಲ್ಲೆಯ ಎಷ್ಟೋ ಕಚೇರಿಗಳು ಆಗ ಬಾಡಿಗೆ ಮನೆಗಳಲ್ಲಿದ್ದವು. ಮಂಚ ಹಾಕಬೇಕಾದ ಕೋಣೆಯಲ್ಲಿ ಕಡತಗಳು ಮಲಗಿರುತ್ತಿದ್ದವು. ಒಂದಷ್ಟು ವರ್ಷ ಕಳೆದ ಮೇಲೆ, ಹಳ್ಳಿಗಳಲ್ಲಿ ಸಮೀಕ್ಷೆ ಮಾಡಲು ಓದಿದ ಹೆಣ್ಣುಮಕ್ಕಳು ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದೆ. ಅರ್ಜಿಯ ಅಕ್ಷರ ನೋಡಿಯೇ ನನ್ನನ್ನು ತೆಗೆದುಕೊಂಡರು ಎಂದು ಆಮೇಲೆ ಗೊತ್ತಾಯಿತು. ನಾನು ಉಬ್ಬಿಹೋದೆ.

ಕೆಲಸ ಏನೆಂದರೆ, ಹೆಂಗಸರು ಮಕ್ಕಳ ಮೇಲಾಗುವ ದೌರ್ಜನ್ಯ ತಡೆಯಲು ಸರಕಾರ ಏನೇನು ಮಾಡಿದೆ, ಮಾಡಿದ್ದರಿಂದ ಏನಾದರೂ ಉಪಯೋಗವಾಗಿದೆಯೇ ಎಂದು ಊರೂರಿಗೆ ಹೋಗಿ ವಿಚಾರಿಸಿ ಫಾರ್ಮು ತುಂಬುವುದು. ಸರಕಾರದ ಪರವಾಗಿ ಒಂದು ಸಣ್ಣ ಸಂಸ್ಥೆ ಈ ಮೌಲ್ಯಮಾಪನ ಮಾಡುತ್ತಿತ್ತು. ಅದರ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಜೋರು ಮಾಡಿದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ತಪ್ಪನ್ನು ಅವರ ತಲೆಗೆ ಕಟ್ಟುವ ಆಸೆ ನನಗೇ ಹುಟ್ಟಬಾರದು.

ಫಾರ್ಮಿನಲ್ಲಿ ತಮಾಷೆಯ ಪ್ರಶ್ನೆಗಳೂ ಇದ್ದವು. ಊರಿನಲ್ಲಿ ಜಾಗೃತಿಯ ಗೋಡೆಬರಹ ಇದೆಯೇ, ಹೌದು ಅಥವಾ ಇಲ್ಲ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಹೆಂಡತಿಯನ್ನು ಹೊಡೆಯುವುದು ಅಪರಾಧ ಎಂದು ದೊಡ್ಡದಾಗಿ ಬರೆಸಿದ್ದ ಗೋಡೆಯ ಮೇಲೆ ಸಾಲಾಗಿ ಸಗಣಿಯ ಕುಳ್ಳು ತಟ್ಟಿದ್ದರು. ಹೊಡೆಯುವುದು ಎಂಬಷ್ಟು ಮಾತ್ರ ಕಾಣುತ್ತಿತ್ತು. ನಾನು ಭಾಗಶಃ ಇದೆ ಎಂದು ಬರೆದೆ. ಹನುಮಸಾಗರದಲ್ಲಿ ಬೀದಿನಾಟಕ ನೋಡಿದ್ದೀರಾ ಎಂದು ಕೇಳಿದರೆ ಒಬ್ಬ ಮುದುಕಿ, ನೋಡಿದೆ, ಹೊಡೆಯುವ ಪಾರ್ಟು ಮಾಡಿದವನು ಭಾಳ ಛಲೋ ಮಾಡಿದ ಎಂದಳು. ಸಂಜೆ ಬಸ್ಸಿನಲ್ಲಿ ಇಂಥವನ್ನು ಹೇಳಿಕೊಂಡು ನಾವು ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಮ್ಮ ನಾಲ್ವರಲ್ಲಿ ನಾನೇ ಹೆಚ್ಚು ನಗಿಸುವವಳು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪಟ್ಟಿ. ಗಂಡನ ಏಟು ತಾಳಲಾರದೆ ಸಲಹಾ ಕೇಂದ್ರಕ್ಕೆ ಬಂದ ಹೆಂಗಸರನ್ನು ಕೂರಿಸಿ, ಎರಡೂ ಕಡೆಯ ಹಿರಿಯರನ್ನು ಕರೆಸಿ, ರಾಜಿ ಮಾಡಿ ಕಳಿಸುತ್ತಿದ್ದರಲ್ಲ, ಆ ಹೆಸರುಗಳ ಮುಂದೆ ಇತ್ಯರ್ಥ ಎಂದು ಬರೆದಿರುತ್ತಿತ್ತು. ಇತ್ಯರ್ಥವಾದ ಮೇಲೆ ಆ ಮನೆಯಲ್ಲಿ ನಿಜವಾಗಿ ಏನಾಗಿದೆ ಎಂದು ಮನೆಗೇ ಹೋಗಿ ತಿಳಿಯುವುದು ನಮ್ಮ ಪಾಲಿನ ಕೆಲಸ. ಕೊಪ್ಪಳದಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದರು. ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು, ಅತ್ತೆಯೋ ಗಂಡನೋ ಕೂತಿದ್ದರೆ ರೇಷನ್ ಕಾರ್ಡು ಹುಡುಕಿಕೊಂಡು ಬರಲು ಒಳಗೆ ಕಳಿಸಬೇಕು, ಹೇಗೂ ಅದು ಬೇಗ ಸಿಗುವುದಿಲ್ಲ, ಅಷ್ಟರಲ್ಲಿ ಮುಖ್ಯವಾದ ಪ್ರಶ್ನೆ ಕೇಳಿಬಿಡಬೇಕು. ಈ ಉಪಾಯ ನನಗೆ ಬಾಯಿಪಾಠವಾಗಿತ್ತು. ಎಷ್ಟೋ ಮನೆಗಳಲ್ಲಿ ನಡೆಸಿಯೂ ಇದ್ದೆ.

ಪಟ್ಟಿಯಲ್ಲಿ ಕುಷ್ಟಗಿ ತಾಲೂಕಿನ ಒಂದು ಹೆಸರಿತ್ತು. ತಾವರಗೇರಾದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ಒಳಗೆ ಹೋಗಬೇಕು. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಸೊಸೆ, ಮೂರು ವರ್ಷದ ಒಬ್ಬಳು ಮಗಳು. ಗಂಡ ಬಾರುಕೋಲಿನಿಂದ ಹೊಡೆದು ಮುಂಗೈ ಮುರಿದಿದ್ದ. ಕೇಂದ್ರದಲ್ಲಿ ರಾಜಿಯಾಗಿ, ಇನ್ನು ಮುಂದೆ ಕೈ ಎತ್ತುವುದಿಲ್ಲವೆಂದು ಅವನು ಮುಚ್ಚಳಿಕೆ ಬರೆದುಕೊಟ್ಟು ಕರೆದುಕೊಂಡು ಹೋಗಿ ಆರು ತಿಂಗಳಾಗಿತ್ತು. ನಾನು ಹೋದಾಗ ಅವನು ಹೊಲಕ್ಕೆ ಹೋಗಿದ್ದ. ಅತ್ತೆ ಪಡಸಾಲೆಯಲ್ಲಿ ಕಡ್ಲಿ ಹಸನು ಮಾಡುತ್ತಿದ್ದಳು. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಅತ್ತೆ ಎಂದರೆ ಕಣ್ಣು ಕೆಂಪಗೆ ಮಾಡಿಕೊಂಡ ಘಟವಾಣಿ ಇರುತ್ತಾಳೆಂದು ನಾನು ಸಿದ್ಧವಾಗಿ ಹೋಗಿದ್ದೆ. ಈಕೆ ಕಾಲಿಗೆ ನೀರು ಕೊಟ್ಟಳು. ಕಂಬಳಿ ಹಾಸಿದಳು. ಚಹಾ ಆಯಿತು. ಯಾವೂರು, ಮಕ್ಕಳೆಷ್ಟು, ಅತ್ತೆ ಮಾವ ಇದ್ದಾರೋ ಎಂದು ಸ್ವಂತ ದೊಡ್ಡಮ್ಮನ ಹಾಗೆ ವಿಚಾರಿಸಿದಳು. ನಾನು ಬ್ಯಾಗಿನಿಂದ ಫಾರ್ಮು ತೆಗೆಯುವಷ್ಟರಲ್ಲಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಕುಪ್ಪಸಕ್ಕೆ ಹಸಿರು ಖಣ ಇಟ್ಟುಕೊಂಡು ಬಂದು ಎದುರಿಗೆ ನಿಂತಳು.

“ಸೆರಗು ಹಿಡೀರಿ ಅಕ್ಕಾರ. ಮುತ್ತೈದಿ ಮನಿಗೆ ಬಂದೀರಿ, ಬರಿ ಉಡೀಲೆ ಹ್ಯಾಂಗ ಕಳಸ್ಲಿ?”

ಆಮೇಲೆ ತುಂಬಿಸಿಕೊಳ್ಳುತ್ತೇನೆ, ಮೊದಲು ಕೆಲಸ ಮುಗಿಸುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ನಮ್ಮ ಕಡೆ ಮಡಿಲು ತುಂಬುವ ಈ ಉಡಿ ಬೇಡ ಎಂದರೆ ಆ ಮನೆಯನ್ನೇ ಬೇಡ ಎಂದ ಹಾಗೆ. ಇಷ್ಟೇ ಕಾರಣವಲ್ಲ, ಸುಳ್ಳು ಹೇಳಬಾರದು. ನನ್ನ ತಾಯಿ ತೀರಿಕೊಂಡ ಮೇಲೆ ಯಾರೂ ಅಷ್ಟು ಅಕ್ಕರೆಯಿಂದ ಉಡಿ ತುಂಬಿರಲಿಲ್ಲ. ಊರೂರು ಅಲೆಯುವ ಹೆಂಗಸು ಎಂದು ಹೋದಲ್ಲೆಲ್ಲ ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು. ಇಲ್ಲಿ ಒಬ್ಬಳು ಅರಿಶಿನ ಕುಂಕುಮ ಹಚ್ಚಿ, ಐದು ಸಲ ಬೊಗಸೆ ತುಂಬಿ ಸೆರಗಿಗೆ ಹಾಕಿದಳು.

ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳು. ಮಗಳಾದವಳು ತಾಯಿಗೆ, ನೀನು ಸ್ವಲ್ಪ ಹೊರಗೆ ಹೋಗು, ನಿನ್ನ ಸೊಸೆಯನ್ನು ಕೇಳುವುದಿದೆ ಎಂದು ಹೇಗೆ ಹೇಳುವುದು? ರೇಷನ್ ಕಾರ್ಡಿನ ಉಪಾಯ ಬಾಯಿಗೇ ಬರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡ ಉಡಿಯ ಭಾರದಲ್ಲಿ ಎದ್ದು ಅಡುಗೆಮನೆಗೆ ಹೋಗುವುದೂ ತ್ರಾಸಾಗಿತ್ತು. ಕೂತಲ್ಲೇ ಕೂತು, ಒಳಗಿನವಳಿಗೆ ಕೇಳಲಿ ಎಂದು ದನಿ ಏರಿಸಿ, ಒಂದೊಂದೇ ಪ್ರಶ್ನೆ ಓದುತ್ತ ಹೋದೆ. ಉತ್ತರ ಅತ್ತೆ ಕೊಡುತ್ತ ಹೋದಳು. ಕೇಂದ್ರದವರು ಚೆನ್ನಾಗಿ ನಡೆಸಿಕೊಂಡರೇ? ಹೂಂ. ರಾಜಿ ನಿಮ್ಮ ಒಪ್ಪಿಗೆಯಿಂದ ಆಯಿತೇ? ಹೂಂರಿ, ಎಲ್ಲಾರ ಮುಂದನ ಆತಲ್ಲ.

ರಾಜಿಯ ನಂತರ ಗಂಡ ಮತ್ತೆ ಹೊಡೆದಿದ್ದಾನೆಯೇ ಎಂಬ ಪ್ರಶ್ನೆ ಬಂತು. ಅದನ್ನು ಓದಿದ ಕೂಡಲೇ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಹೇಳಲಾರೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬರುವಷ್ಟು ಹೊತ್ತು ಅದು ನಿಂತೇ ಇತ್ತು. ಅತ್ತೆ ಕಡ್ಲಿಯ ಹರಳು ಆರಿಸುತ್ತಲೇ ಹೇಳಿದಳು.

“ಏ, ಏನೂ ತ್ರಾಸಿಲ್ಲ ಬಿಡ್ರಿ. ಹೊಡಿಯಂಗಿಲ್ಲ, ಬೈಯಂಗಿಲ್ಲ. ನಮ್ಮ ಹುಡುಗ ಈಗ ಭಾಳ ಸುಧಾರಿಸ್ಯಾನ.”

ನಾನು ಇಲ್ಲ ಎಂಬಲ್ಲಿ ಗುರುತು ಹಾಕಿದೆ. ಒಳಗೆ ಮತ್ತೆ ಬಡಿಯುವ ಸಪ್ಪಳ ಶುರುವಾಯಿತು.

ಕೊನೆಗೆ ಸಹಿ ಬೇಕಿತ್ತು. ಮರದ ಕೆಳಗೆ ಕೂತು ಸುಳ್ಳು ಫಾರ್ಮು ತುಂಬುವವರೂ ಇದ್ದುದರಿಂದ, ಮನೆಗೆ ಹೋದದ್ದಕ್ಕೆ ಸಾಕ್ಷಿಯಾಗಿ ಆ ಹೆಣ್ಣುಮಗಳ ಸಹಿ ತರಲೇಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಸೊಸೆ ಹೊರಗೆ ಬಂದಳು. ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು. ಮಗಳು ಅವಳ ಸೀರೆ ಹಿಡಿದು ಹಿಂದೆ ನಿಂತಿದ್ದಳು. ಕೈ ಹಿಟ್ಟಾಗಿದೆ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಎಂದಳು ಅತ್ತೆ. ಅವಳು ಕೈ ಒರೆಸಿಕೊಂಡು ಪೆನ್ನು ಇಸಿದುಕೊಂಡಳು. ಏಳನೇ ತರಗತಿಯವರೆಗೆ ಸಾಲಿ ಕಲಿತವಳು. ಮೂರಕ್ಷರದ ಹೆಸರನ್ನು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಒಂದಕ್ಷರ ಬರೆಯುವುದು, ನನ್ನ ಮುಖ ನೋಡುವುದು, ಇನ್ನೊಂದಕ್ಷರ ಬರೆಯುವುದು, ಮತ್ತೆ ನೋಡುವುದು.

“ಲಗೂನ ಹಾಕವಾ, ಬಸ್ ಹೋಗ್ತೈತಿ” ಎಂದೆ. ಈ ಮಾತು ಅತ್ತೆಯದಲ್ಲ, ನನ್ನದೇ.

ಹೊರಡುವಾಗ ಅತ್ತೆ ಬಾಗಿಲ ತನಕ ಬಂದಳು. ನಾವು ಫಾರ್ಮು ತುಂಬುವಾಗ ಕೆಳಗೆ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಮಾಡುತ್ತಿದ್ದೆವು. ಮೊದಲನೆಯದು ಸಂಸ್ಥೆಗೆ, ಎರಡನೆಯದು ತಾಲೂಕು ಕಚೇರಿಗೆ. ಮನೆಯವರ ಕೈಗೆ ಯಾವುದೂ ಹೋಗಕೂಡದು.

“ನಮಗೂ ಒಂದು ಕಾಗದ ಇರ್ಲಿ ಅಕ್ಕಾರ. ಓಣ್ಯಾಗ ನಮ್ಮ ಮನಿ ಹೆಸರು ಕೆಟ್ಟೈತಿ. ಸರಕಾರದಾರು ಬಂದು ನೋಡಿ, ಏನೂ ಇಲ್ಲ ಅಂತ ಬರದು ಹೋಗ್ಯಾರ ಅಂತ ನಾಕು ಮಂದಿಗೆ ತೋರಸ್ತೀನಿ” ಎಂದಳು.

ಇಷ್ಟು ಆದರ ಮಾಡಿದವಳಿಗೆ ಒಂದು ಹಾಳೆ ಕೊಟ್ಟರೆ ಏನು ಗಂಟು ಹೋದೀತು ಎನ್ನಿಸಿತು. ಎರಡನೇ ಪ್ರತಿ ಹರಿದುಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಸಿಕ್ಕಾ ಇಲ್ಲವಲ್ಲ ಎಂದಳು. ಬ್ಯಾಗಿನಲ್ಲಿ ಸಮೀಕ್ಷೆಯ ರಬ್ಬರ್ ಮೊಹರಿನ ಸಿಕ್ಕಾ ಇತ್ತು. ಅದನ್ನೂ ತೆಗೆದು, ಬಾಯಿಂದ ಹಬೆ ಹಾಕಿ, ಒತ್ತಿಕೊಟ್ಟೆ. ಸೊಸೆ ಕಂಬ ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಮನೆಗೆ ಬಂದ ಮೇಲೆ ತಾಲೂಕು ಕಚೇರಿಗೆ ಕೊಡುವ ಪ್ರತಿಯನ್ನು ಇನ್ನೊಂದು ಸಲ ಬರೆದೆ. ಅದರಲ್ಲಿ ಸಹಿ ಇದೆಯೇ ಎಂದು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಮೊದಲಿನದಕ್ಕಿಂತ ಚೆಂದ ಬಂತು.

ಹತ್ತು ತಿಂಗಳು ಕಳೆದಿರಬೇಕು, ಬೇರೆ ಪಟ್ಟಿ ತರಲು ಅದೇ ಸಲಹಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ಸಲಹೆಗಾರ್ತಿ ನನಗಿಂತ ಹಿರಿಯಳು, ದಿನವೆಲ್ಲ ಅಳು ಕೇಳಿ ಕೇಳಿ ದನಿಯೇ ಸಣ್ಣಗಾಗಿದ್ದ ಹೆಂಗಸು. ಕಪಾಟಿನಿಂದ ಒಂದು ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು.

“ತಂಗಿ, ಇದು ನಿನ್ನ ಅಕ್ಷರ ಹೌದಿಲ್ಲೋ?”

ಝೆರಾಕ್ಸಿನಲ್ಲೂ ದುಂಡಗೇ ಇತ್ತು. ಆ ಸೊಸೆಗೆ ಮತ್ತೆ ಪೆಟ್ಟು ಬಿದ್ದಿತ್ತು. ನಾನು ಹೋಗುವ ಮೊದಲೂ ಬೀಳುತ್ತಿತ್ತು, ಹೋಗಿ ಬಂದ ಮೇಲೂ ಬಿತ್ತು. ಈ ಸಲ ಅವಳು ತವರಿಗೆ ಓಡಿಹೋಗಿದ್ದಳು. ಮಗಳನ್ನು ಗಂಡನ ಮನೆಯವರು ಬಿಡಲಿಲ್ಲ. ಮಗಳು ಬೇಕು ಎಂದು ತಾಲೂಕಿನ ಕೋರ್ಟಿಗೆ ಹೋದರೆ, ಗಂಡನ ಕಡೆಯ ವಕೀಲರು ಈ ಹಾಳೆಯನ್ನು ಹಾಜರು ಮಾಡಿದ್ದರು. ಹೊಡೆದಿದ್ದಾನೆಯೇ, ಇಲ್ಲ. ಕೆಳಗೆ ಅವಳದೇ ಸಹಿ, ಪಕ್ಕದಲ್ಲಿ ಸಿಕ್ಕಾ. ಸುಳ್ಳು ಹೇಳುವ ಹೆಂಗಸು, ಕೆಲಸ ಬೇಡವಾಗಿ ಮನೆ ಬಿಟ್ಟವಳು ಎಂಬುದು ಅವರ ವಾದ.

“ಆಕಿ ಎಲ್ಲಿ ಅದಾಳ್ರಿ?” ಎಂದು ಕೇಳಿದೆ. ಗಂಗಾವತಿಯ ಆಚೆ ಕಾಲುವೆ ಬದಿಯ ಒಂದು ಕ್ಯಾಂಪಿನಲ್ಲಿ ತಂದೆ ತಾಯಿ ಕೂಲಿಗೆ ಬಂದಿದ್ದಾರೆ, ಅಲ್ಲೇ ಇದ್ದಾಳೆ ಎಂದಳು.

ಮರುದಿನವೇ ಹೋದೆ. ಭತ್ತದ ನಾಟಿಯ ದಿನಗಳು. ಅವಳು ಗದ್ದೆಯಿಂದ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬದುವಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನಾಲ್ಕು ಮಾತು ಕೇಳಿಸಿಕೊಂಡು, ಅತ್ತು, ಹಗುರಾಗಿ ಬರುತ್ತಿದ್ದೆನೇನೋ. ಅವಳು ಕಾಲುವೆಯಲ್ಲಿ ಕೈ ತೊಳೆದುಕೊಂಡು ನನ್ನ ಎದುರಿಗೆ ಕೂತಳು.

“ತಪ್ಪಾತವಾ” ಎಂದೆ.

“ನಾ ಆವತ್ತು ರೊಟ್ಟಿ ಬಡಿಯೂದು ಬಿಟ್ಟು ಕುಂತಿದ್ದೆರಿ ಅಕ್ಕಾರ. ನೀವು ಎದ್ದು ಒಳಗ ಬರ್ತೀರಿ ಅಂತ. ಹೆಂಚಿನ ಮ್ಯಾಲಿಂದು ಸುಟ್ಟು ಹೋತು, ತೆಗೀಲಿಲ್ಲ. ಸುಟ್ಟ ವಾಸನಿ ಬಂದ್ರರ ಬರ್ತೀರೇನು ಅಂತ ನೋಡಿದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸದ ಅವಸರವಿತ್ತು. ಕೋರ್ಟಿನ ಮುಂದಿನ ತಾರೀಖು ಹದಿನೈದು ದಿನಕ್ಕಿತ್ತು.

“ಆದದ್ದು ಆತು. ನಂಗ ನಾಕು ಸಾಲು ಬರದು ಕೊಡ್ರಿ. ಆವತ್ತು ಈಕಿನ್ನ ಒಬ್ಬಾಕಿನ್ನ ಕುಂದ್ರಿಸಿ ಕೇಳಿಲ್ಲ, ಉತ್ರ ಹೇಳಿದಾಕಿ ಅತ್ತಿ, ಅಂತ. ಇದ್ದದ್ದು ಇದ್ದಂಗ. ನಿಮ್ಮ ಕಾಗದ ಅವ್ರ ಕಡಿ ಐತಿ, ನನ್ನ ಕಡೀನೂ ಒಂದು ಇರ್ಲಿ. ನನ್ನ ಮಗಳು ಬಂದ್ರ ಸಾಕು, ಅವ್ರದು ನಂಗ ಮತ್ತೇನೂ ಬ್ಯಾಡ.”

ಬ್ಯಾಗಿನಲ್ಲಿ ಬಿಳಿ ಹಾಳೆಯಿತ್ತು, ಪೆನ್ನಿತ್ತು. ಅಲ್ಲೇ ಬದುವಿನ ಮೇಲೆ ಕೂತು ಬರೆದುಕೊಡಬಹುದಿತ್ತು. “ಸರ್‌ಗೆ ಒಂದು ಮಾತು ಕೇಳಿ ಬರೀತೀನವಾ” ಎಂದೆ. ಅವಳು ಹೆಸರು ಬರೆಯುವಾಗ ನೋಡಿದ ಹಾಗೆಯೇ ನೋಡಿದಳು. ಮೇಸ್ತ್ರಿ ಕೂಗಿದ್ದಕ್ಕೆ ಎದ್ದು ಗದ್ದೆಗಿಳಿದಳು.

ಸರ್ ಮುಂದೆ ಎಲ್ಲವನ್ನೂ ಹೇಳಿದೆ. ಉಡಿಯ ಸಂಗತಿ, ಪ್ರತಿ ಕೊಟ್ಟದ್ದು, ಸಿಕ್ಕಾ ಒತ್ತಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ಒರೆಸುತ್ತ ಹೇಳಿದರು.

“ನೋಡ್ರಿ ಮೇಡಮ್ಮಾರ, ಬರೀಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಒಂದು ಫಾರ್ಮು ಹಿಂಗ ತುಂಬ್ಯಾರ ಅಂದ ಮ್ಯಾಲೆ ಉಳಿದಾವೂ ಹಿಂಗ ಅದಾವು ಅಂತಾರ. ವರದಿ ಈಗಾಗ್ಲೆ ಹೋಗೇತಿ. ನಿಮ್ಮ ಮ್ಯಾಲೂ ಬರ್ತದ. ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ನಾನು ವಿಚಾರ ಮಾಡುವುದರಲ್ಲಿ ಗಟ್ಟಿಗಿತ್ತಿ. ನನ್ನ ಫಾರ್ಮು ಒಂದೂ ತಿದ್ದುಪಡಿಗೆಂದು ಹಿಂದಕ್ಕೆ ಬಂದಿರಲಿಲ್ಲ, ಹೊಸದಾಗಿ ಸೇರಿದವರಿಗೆ ನನ್ನ ಫಾರ್ಮನ್ನೇ ಮಾದರಿಯೆಂದು ತೋರಿಸುತ್ತಿದ್ದರು. ನಾಳೆ ಅವರೇ ಬೆರಳು ಮಾಡಿ, ನಿಯಮ ಮುರಿದವಳು ಈಕೆ ಎನ್ನುತ್ತಾರೆ. ಕೆಲಸ ಹೋಗುತ್ತದೆ. ಗಂಡನೂ ಸರಕಾರಿ ನೌಕರ, ಅವರ ಕಚೇರಿಯಲ್ಲೂ ಗುಸುಗುಸು ಆಗುತ್ತದೆ. ಇವೆಲ್ಲ ಖರೆ ಕಾರಣಗಳೇ. ನಾನು ಇವತ್ತಿಗೂ ಅವನ್ನು ಸುಳ್ಳು ಎನ್ನಲಾರೆ. ಬರೆಯಲೆಂದು ಎರಡು ಸಲ ಕೂತೆ. ಮೊದಲ ಸಲ ಮಾನ್ಯರೇ ಎಂದು ಬರೆದು ನಿಲ್ಲಿಸಿದೆ. ಎರಡನೇ ಸಲ ಅದನ್ನೂ ಬರೆಯಲಿಲ್ಲ. ಹದಿನೈದು ದಿನ ಕಳೆದುಹೋದವು.

ಮುಂದಿನದನ್ನು ನನಗೆ ತಿಳಿಸಿದ್ದು ಸಲಹೆಗಾರ್ತಿಯೇ. ಆ ತಾರೀಖಿಗೆ ಏನೂ ತೀರ್ಮಾನವಾಗಲಿಲ್ಲ, ಮುಂದಕ್ಕೆ ಹೋಯಿತು. ಮಗಳಿಗೆ ಜ್ವರ ಬಂದು ಅವ್ವಾ ಅವ್ವಾ ಎಂದು ಕನವರಿಸುತ್ತಿದ್ದಾಳೆಂದು ಊರಿನಿಂದ ಯಾರೋ ಕ್ಯಾಂಪಿಗೆ ಹೇಳಿಕಳಿಸಿದರು. ಎರಡು ದಿನ ತಡೆದಳಂತೆ. ಮೂರನೇ ದಿನ ನಾಟಿ ಅರ್ಧಕ್ಕೆ ಬಿಟ್ಟು, ಯಾರೂ ಕರೆಯದೆ, ಯಾವ ಹಿರಿಯರ ಮಾತುಕತೆಯೂ ಇಲ್ಲದೆ, ತಾನಾಗಿ ಬಸ್ಸು ಹತ್ತಿ ಆ ಮನೆಗೆ ಹೋದಳು. ಕೋರ್ಟಿನ ಅರ್ಜಿ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ಹೇಳಿ ಸಲಹೆಗಾರ್ತಿ ನನ್ನತ್ತ ನೋಡದೆ ಪಟ್ಟಿ ಮುಂದಕ್ಕೆ ತಳ್ಳಿದಳು. ತಂಗಿ ಎಂದು ಆಮೇಲೆ ಯಾವತ್ತೂ ಕರೆಯಲಿಲ್ಲ.

ನಾನು ಕೆಲಸ ಬಿಟ್ಟೆ ಎಂದು ಬರೆಯುವ ಆಸೆಯಾಗುತ್ತದೆ. ಬಿಡಲಿಲ್ಲ. ಮುಂದಿನ ಸುತ್ತಿನ ಮೌಲ್ಯಮಾಪನ ಬಂತು. ಈ ಸಲ ಫಾರ್ಮಿನಲ್ಲಿ ಹೊಸದೊಂದು ಕಲಂ ಸೇರಿತ್ತು, ಮತ್ತೆ ಒಂದಾದ ಕುಟುಂಬಗಳು. ಅದರಲ್ಲಿ ಅವಳ ಹೆಸರಿತ್ತು. ಬಿಟ್ಟುಹೋದವಳು ಸ್ವಂತ ಇಚ್ಛೆಯಿಂದ ಹಿಂದಿರುಗಿದ್ದಾಳೆ, ಅರ್ಜಿಯನ್ನೂ ಹಿಂಪಡೆದಿದ್ದಾಳೆ, ಕಾಗದದ ಮೇಲೆ ಒಂದೂ ತಪ್ಪಿಲ್ಲ. ಆ ಊರನ್ನು ನಾನು ಬೇರೆಯವಳಿಗೆ ಹಾಕಿಸಿದೆ. ಕಾರಣ ಕೇಳಿದ್ದಕ್ಕೆ, ಟಂಟಂನಲ್ಲಿ ಕೂತರೆ ನಡು ನೋಯುತ್ತದೆ ಎಂದೆ. ಆ ಹುಡುಗಿ ಹೋಗಿ ಬಂದು, ಎಂಥ ಒಳ್ಳೆಯ ಮನೆ ಅಕ್ಕ, ಉಡಿ ತುಂಬಿ ಕಳಿಸಿದರು ಎಂದಳು. ಅವಳಿಗೂ ನಾನು ಏನೂ ಹೇಳಲಿಲ್ಲ.

ವರದಿ ಅಚ್ಚಿಗೆ ಹೋಗುವ ಮುಂಚೆ ಸರ್ ನಮ್ಮನ್ನೆಲ್ಲ ಕರೆದರು. ಬರೀ ಅಂಕಿಸಂಖ್ಯೆ ಹಾಕಿದರೆ ಯಾರೂ ಓದುವುದಿಲ್ಲ, ನಡುವೆ ಒಂದೆರಡು ಯಶೋಗಾಥೆ ಇರಲಿ ಎಂದು ಮೇಲಿನವರು ಹೇಳಿದ್ದರಂತೆ. ಒಡೆದ ಮನೆ ಮತ್ತೆ ಕೂಡಿದ ಕಥೆ ಒಂದು ಬೇಕು. ಹೊಸ ಹುಡುಗಿ ತಂದ ಫಾರ್ಮುಗಳಲ್ಲಿ ಹುಡುಕಿ ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟರು. ಅದು ಅದೇ ಮನೆಯದು ಎಂದು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. “ನಿಮ್ಮ ಕೈಯಾಗ ಬರವಣಿಗಿ ಐತಿ ಮೇಡಮ್ಮಾರ, ಒಂದು ಪುಟ ಸಾಕು” ಎಂದರು.

ಕೊಪ್ಪಳದ ಆ ಕಚೇರಿಯ ಕಿಟಕಿಯ ಪಕ್ಕ ಕೂತು ಬರೆದೆ. ಹೆಸರು ಬದಲಿಸಲಾಗಿದೆ ಎಂದು ಮೊದಲು ಬರೆದೆ. ಸಲಹಾ ಕೇಂದ್ರದ ಮಾತಿಗೆ ಬೆಲೆ ಕೊಟ್ಟು, ಮಗಳ ಭವಿಷ್ಯ ನೆನೆದು, ತಾಯಿಯೊಬ್ಬಳು ಮನೆಗೆ ಮರಳಿದಳು ಎಂದು ಬರೆದೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ, ಎಲ್ಲೂ ಪೆನ್ನು ತಡವರಿಸಲಿಲ್ಲ. ಅವಳು ಮಗಳಿಗಾಗಿ ಕೇಳಿದ ನಾಲ್ಕು ಸಾಲು ಹದಿನೈದು ದಿನವಾದರೂ ನನ್ನಿಂದ ಹೊರಡಲಿಲ್ಲ. ಈ ಒಂದು ಪುಟವನ್ನು ಮಧ್ಯಾಹ್ನದ ಊಟಕ್ಕೆ ಏಳುವುದರೊಳಗೆ ಮುಗಿಸಿಕೊಟ್ಟೆ.